ಯಶೋದಮ್ಮ ಕೊಂಡ ಹಳೆ ಟ್ರ್ಯಾಕ್ಟರ್

ಹನೂರಿನಿಂದ ಲಾರಿಯ ಮೇಲೆ ಬಂದ ಆ ಟ್ರ್ಯಾಕ್ಟರನ್ನು ಅಗರದ ಬೀದಿಯಲ್ಲಿ ಇಳಿಸುವಾಗ ನೋಡಲು ನಿಂತ ಗಂಡಸರಲ್ಲಿ ನಗದೆ ಉಳಿದವರು ಕಡಿಮೆ. ಎಂಜಿನ್ನಿಗೆ ಜೀವವಿಲ್ಲ, ಹಿಂದಿನ ಒಂದು ಟೈರಿನಲ್ಲಿ ಗಾಳಿಯಿಲ್ಲ, ಸೀಟಿನ ಜಾಗದಲ್ಲಿ ಗೋಣಿಚೀಲ ಮಡಿಸಿ ಕಟ್ಟಿದ್ದಾರೆ. ಮೈಗೆ ಮಾತ್ರ ದಪ್ಪನೆಯ ನೀಲಿ ಬಣ್ಣ. ಏಳೆಂಟು ಜನ ತಳ್ಳಿಕೊಂಡು ಹೋಗಿ ಅದನ್ನು ಯಶೋದಳ ಮನೆಯ ಪಕ್ಕದ ಹೊಂಗೆ ಮರದ ಕೆಳಗೆ ನಿಲ್ಲಿಸಿದರು. ತಳ್ಳಿದವರಿಗೆಲ್ಲ ಅವಳು ಟೀ ಕೊಟ್ಟಳು. ಟೀ ಕುಡಿದ ಬಾಯಲ್ಲೇ ಅವರು, ಇದನ್ನು ಗುಜರಿಯವನೂ ಮುಟ್ಟುವುದಿಲ್ಲವಲ್ಲ, ಒಂದು ಮಾತು ನಮ್ಮನ್ನು ಕೇಳಬಾರದಿತ್ತೇ ಎಂದು ಬುದ್ಧಿ ಹೇಳಿ ಹೋದರು. ನಮ್ಮ ಕಡೆ ಹೆಂಗಸು ಏನಾದರೂ ಕೊಂಡರೆ ಬುದ್ಧಿ ಹೇಳುವವರಿಗೆ ಬರವಿಲ್ಲ. ಅದೇ ಹೆಂಗಸಿನ ಹೊಲ ಉಳಬೇಕಾದಾಗ ಎಲ್ಲರಿಗೂ ಬೇರೆ ಕೆಲಸ ಬಂದುಬಿಡುತ್ತದೆ.

ಯಶೋದ ಆ ಬುದ್ಧಿಯನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಐವತ್ತರ ಆಸುಪಾಸಿನ ಹೆಂಗಸು. ಗಂಡ ಮಾದೇಶ ಸತ್ತು ಇಪ್ಪತ್ತೈದು ವರ್ಷದ ಮೇಲಾಗಿದೆ. ಅವನು ಬಿಟ್ಟುಹೋದ ತುಂಡು ಭೂಮಿಯಲ್ಲಿ ಹಿಪ್ಪುನೇರಳೆ ಹಾಕಿ, ರೇಷ್ಮೆಹುಳು ಸಾಕಿ, ಗೂಡಿನ ಚೀಲವನ್ನು ತಾನೇ ಬಸ್ಸಿಗೆ ಹೇರಿಕೊಂಡು ಕೊಳ್ಳೇಗಾಲದ ಮಾರುಕಟ್ಟೆಗೆ ಹೋಗಿ, ಮಗಳು ರೂಪಳನ್ನು ಓದಿಸಿ ಹನೂರಿಗೆ ಮದುವೆ ಮಾಡಿಕೊಟ್ಟವಳು. ಗಂಡನ ತಾಯಿ ಪುಟ್ಟಗೌರಮ್ಮನನ್ನು ನೋಡಿಕೊಳ್ಳುತ್ತಿರುವವಳೂ ಅವಳೇ. ಇಷ್ಟೆಲ್ಲ ಮಾಡಿದವಳಿಗೆ ಕೈಗೂಡದೆ ಉಳಿದದ್ದೆಂದರೆ ಹದ ನೋಡಿ ಉಳುವುದು. ಮಳೆ ಬಿದ್ದಾಗ ಬಾಡಿಗೆ ಟ್ರ್ಯಾಕ್ಟರಿನವರು ಊರಿನ ಹೊಲಗಳನ್ನೆಲ್ಲ ಮುಗಿಸಿ, ನೆಲ ಒಣಗಿ ಹೆಂಟೆ ಕಟ್ಟಿದ ಮೇಲೆ ಇವಳ ಕಡೆ ತಿರುಗುತ್ತಿದ್ದರು. ಬೇಗ ಬನ್ನಿ ಎಂದು ಅಂಗಲಾಚಿದರೆ, ನಿನ್ನ ಹೊಲ ಎಲ್ಲಿಗೂ ಓಡಿಹೋಗುವುದಿಲ್ಲ ಬಿಡು ಎನ್ನುತ್ತಿದ್ದರು. ಆ ಮಾತು ಕೇಳಿ ಕೇಳಿ ಸಾಕಾಗಿ, ಹಳೆಯದಾದರೂ ಸರಿ ತನ್ನದೇ ಒಂದು ಗಾಡಿ ಇರಲಿ ಎಂದು ಹಟ ಹಿಡಿದಳು. ರೂಪಳ ಬೀದಿಯಲ್ಲಿ ಚಿಕ್ಕಮಾದಪ್ಪ ಎನ್ನುವವರ ಹಿತ್ತಲಲ್ಲಿ ಎಷ್ಟೋ ವರ್ಷದಿಂದ ನಿಂತಿದ್ದ ಈ ನೀಲಿ ಗಾಡಿಯ ಸುದ್ದಿ ತಂದವಳು ರೂಪಳೇ. ಚಿಕ್ಕಮಾದಪ್ಪನೂ ಅದನ್ನು ಇನ್ಯಾರಿಂದಲೋ ಕೊಂಡವನು.

ನಿನಗೆ ಓಡಿಸಲು ಬರುತ್ತದೆಯೇ ಎಂದು ಕೇಳಿದವರಿಗೆ ಯಶೋದ ಬರುತ್ತದೆ ಎಂದಳು. ಕಲಿಸಿದವನು ಮಾದೇಶ.

ಮಾದೇಶ ಊರಿನ ಕೆಂಪನಂಜಪ್ಪನವರ ಮನೆಯಲ್ಲಿ ಟ್ರ್ಯಾಕ್ಟರ್ ಡ್ರೈವರ್ ಆಗಿದ್ದ. ಕೆಂಪು ಬಣ್ಣದ ಎಚ್‌ಎಂಟಿ ಗಾಡಿ ಅದು. ಸ್ವಂತದ್ದಲ್ಲ ಎನ್ನುವುದೇ ಅವನಿಗೆ ಮರೆತುಹೋಗಿತ್ತು, ಹಾಗೆ ಒರೆಸಿ ತೊಳೆದು ಇಟ್ಟುಕೊಂಡಿದ್ದ. ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯನ್ನು ಮಡ್‌ಗಾರ್ಡಿನ ಮೇಲೆ ಕೂರಿಸಿಕೊಂಡು ಕಬ್ಬಿನ ಗದ್ದೆಗೆ ಹೋಗುತ್ತಿದ್ದ. ಒಮ್ಮೆ ಅವಳು ಹಳ್ಳದಲ್ಲಿ ಜಾರಿ ಬೀಳುವಂತಾದಾಗ, ಯಳಂದೂರಿಗೆ ಹೋಗಿ ಮುರಿದ ಸೈಕಲ್ಲಿನ ಹ್ಯಾಂಡಲನ್ನು ಕತ್ತರಿಸಿ, ಹಿಡಿದುಕೊಳ್ಳಲಿ ಎಂದು ಮಡ್‌ಗಾರ್ಡಿಗೆ ವೆಲ್ಡಿಂಗ್ ಮಾಡಿಸಿಕೊಂಡು ಬಂದ. ಅದು ಸೊಟ್ಟಗೆ ಕೂತಿತ್ತು, ಒಂದು ತುದಿ ಇನ್ನೊಂದಕ್ಕಿಂತ ಎರಡು ಬೆರಳು ಕೆಳಗೆ. ಯಶೋದ ಅದನ್ನು ಹಿಡಿದಾಗಲೆಲ್ಲ ಆಡಿಕೊಂಡು ನಗುತ್ತಿದ್ದಳು.

ಕಬ್ಬು ತುಂಬಿದ ಟ್ರೈಲರನ್ನು ಹಸಿ ಗದ್ದೆಯಿಂದ ನಾಲೆಯ ಏರಿಗೆ ಎಳೆಯುವಾಗ ಟ್ರ್ಯಾಕ್ಟರಿನ ಮೂತಿ ಮೇಲಕ್ಕೇಳುತ್ತದೆ. ಏಳದಿರಲಿ ಎಂದು ಒಬ್ಬರೋ ಇಬ್ಬರೋ ಬಾನೆಟ್ಟಿನ ಮುಂದಿರುವ ಕಬ್ಬಿಣದ ಪಟ್ಟಿಯ ಮೇಲೆ ಭಾರಕ್ಕೆ ಹತ್ತಿ ಕೂರುವುದು ನಮ್ಮ ಕಡೆಯ ರೂಢಿ. ತಪ್ಪೆಂದು ಎಲ್ಲರಿಗೂ ಗೊತ್ತು, ಆದರೂ ಇವತ್ತಿಗೂ ಕೂರುತ್ತಾರೆ. ಮದುವೆಯಾದ ವರ್ಷದ ಸುಗ್ಗಿಯಲ್ಲಿ ಕೂರುತ್ತಿದ್ದವಳು ಯಶೋದ. ಡ್ರೈವರನ ಹೆಂಡತಿಯೇ ಇರುವಾಗ ನಾವ್ಯಾಕೆ ಹತ್ತಬೇಕು ಎಂದು ಕೂಲಿಯವರು ನಗುತ್ತಿದ್ದರು. ಅವಳಿಗೂ ಖುಷಿಯೇ. ಮೂತಿ ಒಂದು ಗೇಣು ಎದ್ದು ಮತ್ತೆ ದೊಪ್ಪನೆ ನೆಲಕ್ಕೆ ಕೂರುವಾಗ ಹೊಟ್ಟೆಯಲ್ಲಿ ಕಚಗುಳಿ ಇಟ್ಟಂತಾಗುತ್ತಿತ್ತು.

ಬಸುರಿ ಎಂದು ಖಾತ್ರಿಯಾದ ವಾರದಲ್ಲಿ ಪುಟ್ಟಗೌರಮ್ಮ ಬಾಗಿಲಿಗೆ ಅಡ್ಡ ನಿಂತಳು. ಹೊಟ್ಟೆಯಲ್ಲಿ ಕೂಸು ಇಟ್ಟುಕೊಂಡು ಗಾಡಿಯ ಮೂತಿಯ ಮೇಲೆ ಕೂರುತ್ತೀಯಾ, ಮನೆಯಲ್ಲಿರು ಎಂದಳು. ಇದೊಂದು ದಿನ ಹೋಗಿ ಬರುತ್ತೇನೆ ಎಂದು ಯಶೋದ ಗೋಗರೆದಳು. ಅವ್ವ ಹೇಳುವುದು ಸರಿ, ಇರು ಎಂದು ಮಾದೇಶ ನಗುತ್ತಾ ಹೋದ. ಅವತ್ತು ಆಲೆಮನೆಯಲ್ಲಿ ಒಲೆ ಹೊತ್ತಿಸಿ ಕಬ್ಬಿಗೆ ಕಾಯುತ್ತಿದ್ದರು, ಕೂಲಿಯವರು ಊಟಕ್ಕೆ ಹೋಗಿದ್ದರು. ಮುಂದೆ ಯಾರನ್ನೂ ಕೂರಿಸಿಕೊಳ್ಳದೆ ಒಬ್ಬನೇ ಏರಿ ಹತ್ತಿಸಲು ಹೋದ. ಮೂತಿ ಎದ್ದದ್ದು ಮತ್ತೆ ಕೂರಲಿಲ್ಲ. ಗಾಡಿ ಹಿಂದಕ್ಕೆ ಮಗುಚಿ ಅವನ ಮೇಲೆ ಬಿತ್ತು.

ಹೆಣವನ್ನು ಅಂಗಳದಲ್ಲಿ ಮಲಗಿಸಿದ್ದಾಗ ಹೆಂಗಸೊಬ್ಬಳು, ದಿನಾ ಮುಂದೆ ಕೂರುತ್ತಿದ್ದವಳು ಇವತ್ತೇ ಯಾಕೆ ಹೋಗಲಿಲ್ಲವೋ ಎಂದಳು. ಮೆಲ್ಲಗೆ ಅಂದರೂ ಎಲ್ಲರಿಗೂ ಕೇಳಿಸಿತು. ಯಶೋದ ತಲೆಯೆತ್ತಿ ಅತ್ತೆಯ ಮುಖ ನೋಡಿದಳು. ನಾನೇ ತಡೆದೆ ಎಂಬ ಒಂದು ಮಾತು ಪುಟ್ಟಗೌರಮ್ಮನ ಬಾಯಿಂದ ಬರಲಿಲ್ಲ. ಅವತ್ತೂ ಬರಲಿಲ್ಲ, ಆಮೇಲೂ ಬರಲಿಲ್ಲ. ಮಗನ ಸಾವಿಗೆ ಅತ್ತೆ ಒಳಗೊಳಗೇ ತನ್ನನ್ನೇ ದೂರುತ್ತಿದ್ದಾಳೆ ಎಂದು ಯಶೋದ ಅಂದುಕೊಂಡಳು. ಒಂದೇ ಸೂರಿನಡಿ ಇಬ್ಬರೂ ಅಡುಗೆ ಮಾಡಿದರು, ಹುಳಕ್ಕೆ ಸೊಪ್ಪು ಕೊಯ್ದರು, ರೂಪಳನ್ನು ಎತ್ತಿ ಬೆಳೆಸಿದರು. ಮುದುಕಿ ಜಗಳಗಂಟಿ ಏನಲ್ಲ, ಸೊಸೆಗೆ ಜ್ವರ ಬಂದರೆ ರಾತ್ರಿಯಿಡೀ ಕೂತವಳು. ಆದರೆ ಆ ದಿನದ ಮಾತನ್ನು ಮಾತ್ರ ಇಬ್ಬರೂ ಎತ್ತಲಿಲ್ಲ. ಎತ್ತಿದರೆ ಈ ಮನೆ ಉಳಿಯುವುದಿಲ್ಲ ಎನ್ನುವ ಭಯ ಯಶೋದಳಿಗೆ ಇವತ್ತಿಗೂ ಇತ್ತು.

ಜೀವ ತಿಂದ ಗಾಡಿಯನ್ನು ನಮ್ಮ ಕಡೆ ಊರೊಳಗೆ ಇಟ್ಟುಕೊಳ್ಳುವುದಿಲ್ಲ. ಚಕ್ರಕ್ಕೆ ಬೂದುಗುಂಬಳಕಾಯಿ ಒಡೆದು, ಬೇರೆ ಬಣ್ಣ ಬಳಿದು, ದೂರದ ತಾಲ್ಲೂಕಿಗೆ ಮಾರುತ್ತಾರೆ. ಕೊಳ್ಳುವವನಿಗೆ ಯಾರೂ ಕಾರಣ ಹೇಳುವುದಿಲ್ಲ, ಅವನೂ ಕೇಳುವುದಿಲ್ಲ. ಕೆಂಪನಂಜಪ್ಪನೂ ಹಾಗೆಯೇ ಮಾಡಿದ. ತಿಥಿ ಮುಗಿಯುವ ಮೊದಲೇ ಕೆಂಪು ಗಾಡಿ ಹಸಿರಾಗಿ ಬೆಟ್ಟದ ಕಡೆ ಹೋಯಿತೆಂದು ಸುದ್ದಿ ಬಂತು. ನೋಡಲು ಯಶೋದ ಹೊರಗೆ ಬಂದಿರಲಿಲ್ಲ.

ನೀಲಿ ಗಾಡಿ ಬಂದ ಮೂರನೆಯ ದಿನ ಕೊಳ್ಳೇಗಾಲದಿಂದ ಮೆಕ್ಯಾನಿಕ್ ಷಡಕ್ಷರಿ ಬಂದ. ಯಾವ ಕಂಪನಿ, ಯಾವ ಮಾಡೆಲ್ ಎಂದು ಗೊತ್ತಾಗದೆ ಒಂದು ವಾಷರನ್ನೂ ತರಲಾಗುವುದಿಲ್ಲ. ಬಾನೆಟ್ಟಿನ ಮೇಲೆ ಒಂದು ಕಂಪನಿಯ ಹೆಸರೇನೋ ಇತ್ತು, ಚಿಕ್ಕಮಾದಪ್ಪ ಹೇಳಿದ್ದೂ ಅದನ್ನೇ. ಷಡಕ್ಷರಿ ಒಂದು ಸುತ್ತು ಬಂದು ಬಗ್ಗಿ ನೋಡಿ ಅನುಮಾನ ಪಟ್ಟ. ನಂಬರಿನ ತಗಡು ಎಂಜಿನ್ನಿನ ಪಕ್ಕದಲ್ಲಿತ್ತು, ಆದರೆ ಓದುವ ಹಾಗಿರಲಿಲ್ಲ. ವರ್ಷವರ್ಷವೂ ಆಯುಧಪೂಜೆಗೆ ಅದರ ಮೇಲೇ ವಿಭೂತಿ, ಅದರ ಮೇಲೇ ಅರಿಶಿನ ಕುಂಕುಮ, ಮೇಲೆ ಮತ್ತೆ ಬಣ್ಣ. ಹಪ್ಪಳದಷ್ಟು ದಪ್ಪಕ್ಕೆ ಹೆಪ್ಪುಗಟ್ಟಿತ್ತು. ಪೂಜೆ ಮಾಡಿದ ಜಾಗವನ್ನು ಕೆರೆಯಬೇಕಲ್ಲ ಎಂದು ಷಡಕ್ಷರಿ ಮೊದಲು ಕೈಮುಗಿದ, ಆಮೇಲೆ ಸೀಮೆಎಣ್ಣೆ ಬಟ್ಟೆಯಿಂದ ನೆನೆಸಿ ಸಣ್ಣ ಉಳಿಯಲ್ಲಿ ಎಬ್ಬಿಸತೊಡಗಿದ. ನೀಲಿ ಉದುರಿತು. ನೀಲಿಯ ಕೆಳಗೆ ಹಸಿರು ಬಂತು. ಹಸಿರಿನ ಕೆಳಗೆ ಕೆಂಪು.

"ಅಕ್ಕ, ಇದು ಅವ್ರು ಯೋಳಿರೋ ಗಾಡಿ ಅಲ್ಲ ಕಣಕ್ಕ," ಎಂದ ಅವನು. "ಬಾನೆಟ್ಟು ಬ್ಯಾರೆ ಯಾವ್ದುರ್ದೋ ತಂದು ಕೂರ್ಸವ್ರೆ. ಒಳ್ಗಿರೋದು ಎಚ್‌ಎಂಟಿ, ಎರಡು ಸಿಲಿಂಡರಿಂದು. ಹಳೇದು, ಆದ್ರೆ ಗಟ್ಟಿ ಮಾಲು. ಏನೂ ಯೋಚ್ನೆ ಮಾಡ್ಬ್ಯಾಡ."

ಅವಳು ಸರಿ ಎಂದಳು. ಆ ಕಾಲಕ್ಕೆ ನಮ್ಮ ಕಡೆ ಎಚ್‌ಎಂಟಿ ಗಾಡಿಗಳು ಎಷ್ಟಿದ್ದವೋ, ಕೆಂಪಿನವೇ ಎಷ್ಟಿದ್ದವೋ ಎಂದು ತನಗೆ ತಾನೇ ಹೇಳಿಕೊಂಡಳು. ಆದರೂ ಕೈ ಸುಮ್ಮನಿರಲಿಲ್ಲ. ಮುರಿದ ಕುಡುಗೋಲೊಂದನ್ನು ತಂದು, ಷಡಕ್ಷರಿ ಎಂಜಿನ್ನಿನಲ್ಲಿ ಮುಳುಗಿದ್ದಾಗ ಎಡಗಡೆಯ ಮಡ್‌ಗಾರ್ಡನ್ನು ಕೆರೆದಳು. ಬಣ್ಣದ ಕೆಳಗೆ ಏನೋ ಗಂಟಿನ ಹಾಗೆ ತಗುಲಿತು. ಇನ್ನಷ್ಟು ಕೆರೆದಳು. ಕಬ್ಬಿಣದ ಎರಡು ಮೋಟು, ಯಾರೋ ಗರಗಸದಲ್ಲಿ ಕೊಯ್ದು ತೆಗೆದ ಹಿಡಿಕೆಯ ಬುಡಗಳು. ಒಂದು ಇನ್ನೊಂದಕ್ಕಿಂತ ಎರಡು ಬೆರಳು ಕೆಳಗೆ.

ಅವುಗಳ ನಡುವೆ ಅಂಗೈ ಇಟ್ಟು ನೋಡಿದಳು. ಸರಿಯಾಗಿ ಕೂತಿತು.

ಬಿಸಿಲು ಜಾಸ್ತಿಯಾಯಿತು ಎಂದು ಷಡಕ್ಷರಿಗೆ ಹೇಳಿ ಒಳಗೆ ಹೋಗಿ, ಹುಳದ ಮನೆಯ ಕತ್ತಲಲ್ಲಿ ತಟ್ಟೆಗಳ ನಡುವೆ ಕೂತಳು. ಹುಳ ಸೊಪ್ಪು ಮೇಯುವ ಸದ್ದು ಸುತ್ತಲೂ. ಅಳು ಬರಲಿಲ್ಲ. ಹಾರೆ ತೆಗೆದುಕೊಂಡು ಹೋಗಿ ಆ ಕಬ್ಬಿಣವನ್ನು ಪುಡಿ ಮಾಡಬೇಕು ಅನ್ನಿಸಿತು. ಅದರ ಬೆನ್ನಿಗೇ, ಅವನು ಕೂತಿದ್ದ ಜಾಗದಲ್ಲಿ ಹೋಗಿ ಕೂರಬೇಕು, ಅವನು ಹಿಡಿದಿದ್ದ ಸ್ಟಿಯರಿಂಗನ್ನು ಹಿಡಿಯಬೇಕು ಅನ್ನಿಸಿತು. ಗಂಡನನ್ನು ಕೊಂದದ್ದರ ಮೇಲೆ ಇಂಥ ಆಸೆಯೇ ಎಂದು ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಇಪ್ಪತ್ತೈದು ವರ್ಷದಲ್ಲಿ ಅವನ ಬಟ್ಟೆಗಳು ಹರಿದುಹೋಗಿದ್ದವು, ಇದ್ದ ಒಂದು ಫೋಟೊಗೆ ಗೆದ್ದಲು ಹಿಡಿದಿತ್ತು. ಅವನ ಕೈ ತಾಗಿದ್ದ ವಸ್ತುವೆಂದರೆ ಈಗ ಪ್ರಪಂಚದಲ್ಲಿ ಇದೊಂದೇ. ಅದು ದಾರಿ ಹುಡುಕಿಕೊಂಡು ಬಂದ ಹಾಗೆ ಬಂದು ಅವಳ ಬಾಗಿಲಲ್ಲೇ ನಿಂತಿತ್ತು.

ವಾಪಸು ಕಳಿಸಿಬಿಡಬಹುದಿತ್ತು. ಆದರೆ ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ಕಾರಣ ಒಬ್ಬರ ಬಾಯಿಗೆ ಬಿದ್ದರೆ ಸಂಜೆಯೊಳಗೆ ಅತ್ತೆಯ ಕಿವಿಗೆ ಬೀಳುತ್ತದೆ. ಆಗ ಆ ದಿನದ ಮಾತು ಎದ್ದೇ ಏಳುತ್ತದೆ. ಮುದುಕಿಗೆ ಕಣ್ಣು ಮಂಜಾಗಿದೆ, ಗೋಡೆ ಹಿಡಿದು ಓಡಾಡುತ್ತಾಳೆ, ಗಾಡಿಯ ಗುರುತು ಅವಳಿಗೆ ಹತ್ತುವುದಿಲ್ಲ ಎಂದು ಯಶೋದ ಲೆಕ್ಕ ಹಾಕಿದಳು. ಮರುದಿನ ಯಳಂದೂರಿಗೆ ಹೋಗಿ ಒಂದು ಡಬ್ಬಿ ನೀಲಿ ಬಣ್ಣ ತಂದಳು. ಕೆರೆದ ಕಡೆಯೆಲ್ಲ ಎರಡೆರಡು ಸಲ ಬಳಿದು, ಆ ಎರಡು ಮೋಟಿನ ಮೇಲೆ ಇನ್ನಷ್ಟು ದಪ್ಪಗೆ ಮೆತ್ತಿದಳು. ಕೆಂಪನಂಜಪ್ಪ ಮಾಡಿದ್ದೂ ಅದನ್ನೇ, ಅವನ ಹತ್ತಿರ ಕೊಂಡವನು ಮಾಡಿದ್ದೂ ಅದನ್ನೇ. ಬಳಿಯುತ್ತಾ ಬಳಿಯುತ್ತಾ ಅವಳಿಗೂ ಅದು ಹೊಳೆಯಿತು.

ಷಡಕ್ಷರಿಗೆ ಇದೊಂದೂ ತಿಳಿಯದು. ತನ್ನ ಪಾಡಿಗೆ ದಿನ ಬಿಟ್ಟು ದಿನ ಬಂದು ಗಾಡಿಯನ್ನು ಎಬ್ಬಿಸುತ್ತಿದ್ದ. ಎಂಜಿನ್ನು ಬಿಗಿದುಕೊಂಡಿತ್ತು. ಸಿಲಿಂಡರಿನ ಒಳಗೆ ಎಣ್ಣೆ ಬಿಟ್ಟು ಎರಡು ದಿನ ನೆನೆಯಲು ಬಿಟ್ಟ. ಗಾಳಿ ಎಳೆಯುವ ಡಬ್ಬಿಯಲ್ಲಿ ಇಲಿ ಗೂಡು ಕಟ್ಟಿತ್ತು, ಡೀಸೆಲ್ ಟ್ಯಾಂಕಿನಲ್ಲಿ ತುಕ್ಕು ನೀರು. ಎಲ್ಲ ಚೆಲ್ಲಿ ತೊಳೆದು, ಹೊಸ ಫಿಲ್ಟರ್ ಹಾಕಿ, ಪೈಪುಗಳಿಂದ ಗಾಳಿ ತೆಗೆದ. ಯಶೋದ ಸ್ಪ್ಯಾನರ್ ಎತ್ತಿಕೊಟ್ಟು, ಬೋಲ್ಟು ತೊಳೆದು, ಹೇಳಿದ್ದನ್ನೆಲ್ಲ ಮಾಡಿದಳು. ಆದರೆ ಊಟಕ್ಕೆ ಕೂತರೆ ಎರಡು ತುತ್ತಿಗೇ ಎದ್ದುಬಿಡುತ್ತಿದ್ದಳು. ಜಗಲಿಯಲ್ಲಿ ಕೂತ ಪುಟ್ಟಗೌರಮ್ಮ ತಟ್ಟೆಯ ಸದ್ದಿನಲ್ಲೇ ಅದನ್ನು ಗುರುತಿಸಿ, ಯಾಕವ್ವ ಉಣ್ಣುತ್ತಿಲ್ಲ ಎಂದು ಕೇಳಿದಳು. ಖರ್ಚಿನ ಯೋಚನೆ ಅತ್ತೆ ಎಂದು ಯಶೋದ ಸುಳ್ಳು ಹೇಳಿದಳು.

ಹೊಸ ಬ್ಯಾಟರಿ ಕೂರಿಸಿದ ಬೆಳಿಗ್ಗೆ ಷಡಕ್ಷರಿ ಅವಳನ್ನೇ ಹತ್ತಿಸಿದ. ಗಾಡಿ ಯಾರದ್ದೋ ಅವರೇ ಮೊದಲು ಸ್ಟಾರ್ಟ್ ಮಾಡಬೇಕು ಎಂದ. ಅವಳು ಗೋಣಿಚೀಲದ ಮೇಲೆ ಕೂತು ಬೀಗದ ಕೈ ತಿರುಗಿಸಿದಳು. ಎರಡು ಸಲ ಗೊರಗೊರ ಎಂದು ಸುಮ್ಮನಾಯಿತು. ಮೂರನೆಯ ಸಲ ಕಪ್ಪು ಹೊಗೆ ಉಗುಳಿ, ಇಡೀ ಮೈ ನಡುಗಿಸಿಕೊಂಡು ಎದ್ದಿತು. ಡುಗು ಡುಗು ಡುಗು. ಈ ಸದ್ದು ಬೀದಿಯ ತಿರುವಿಗೆ ಬಂದರೆ ತಾನು ಓಡಿಬಂದು ಬಾಗಿಲಲ್ಲಿ ನಿಲ್ಲುತ್ತಿದ್ದುದು ನೆನಪಾಯಿತು. ಅಷ್ಟು ವರ್ಷ ಬಾರದ ಅಳು ಆಗ ಬಂತು. ಷಡಕ್ಷರಿ ಅದನ್ನು ಸಂತೋಷದ ಅಳು ಅಂದುಕೊಂಡು ಬೆನ್ನು ತಿರುಗಿಸಿ, ಕೈ ತೊಳೆಯಲು ನಲ್ಲಿಯ ಕಡೆ ಹೋದ.

ಯಶೋದ ತಿರುಗಿ ನೋಡಿದರೆ ಪುಟ್ಟಗೌರಮ್ಮ ಬಂದು ನಿಂತಿದ್ದಳು. ಜಗಲಿಯಿಂದ ಹೊಂಗೆ ಮರದವರೆಗೆ ಗೋಡೆಯ ಆಸರೆಯಿಲ್ಲದೆ ಹೇಗೆ ಬಂದಳೋ. ಒಂದು ಕೈ ಮಡ್‌ಗಾರ್ಡಿನ ಮೇಲೆ ಮೆಲ್ಲನೆ ಓಡಾಡುತ್ತಿತ್ತು. ಹಿಂದಿನ ಸಂಜೆ ಯಶೋದ ಇನ್ನೊಂದು ಸಲ ಬಳಿದ ಬಣ್ಣ ಪೂರ್ತಿ ಒಣಗಿರಲಿಲ್ಲ. ಬೆರಳುಗಳು ಆ ಎರಡು ಮೋಟುಗಳನ್ನು ಮುಟ್ಟಿ, ಅಲ್ಲೇ ನಿಂತವು.

"ನಿಲ್ಸವ್ವ ಅದ್ನ," ಎಂದಳು.

ಯಶೋದ ನಿಲ್ಲಿಸಿದಳು. ಸದ್ದು ಹೋದ ಮೇಲೆ ಮುದುಕಿ ನೀಲಿಯಾದ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡಳು. ಯಶೋದ ಇಳಿಯಲಿಲ್ಲ. ಇನ್ನೇನು ಬೈಗುಳ ಬರುತ್ತದೆ, ನೀನು ಹೋಗಿದ್ದಿದ್ದರೆ ನನ್ನ ಮಗ ಇರುತ್ತಿದ್ದ ಎನ್ನುತ್ತಾಳೆ ಎಂದು ಕಾದಳು. ಬೈಗುಳ ಬರಲಿಲ್ಲ.

"ಅವತ್ತು ಎಣದ ಮುಂದೆ ಅವ್ಳು ಅಂಗಂದಾಗ ನೀ ನನ್ ಮಕ ನೋಡ್ದೆ," ಎಂದಳು ಪುಟ್ಟಗೌರಮ್ಮ. "ನಾನು ಬಾಯಿ ಬುಡ್ಲಿಲ್ಲ. ಎದ್ರಿಕೆ ಆಯ್ತು ಕಣವ್ವ. ತಾಯೇ ಮಗನ್ನ ಕೊಂದ್ಳು ಅಂದ್ಬುಟ್ಟಾರು ಅಂತ. ಆಮೇಲೆ ಯೋಳಾನ ಯೋಳಾನ ಅಂತ ಇಷ್ಟು ವರ್ಷ ಆಗೋಯ್ತು."

ತನ್ನನ್ನು ದೂರುತ್ತಿದ್ದಾಳೆ ಎಂದು ಯಶೋದ ಅಂದುಕೊಂಡಿದ್ದ ಹೆಂಗಸು ಇಷ್ಟು ದಿನವೂ ತನ್ನನ್ನೇ ತಾನು ದೂರಿಕೊಳ್ಳುತ್ತಿದ್ದಳು. ಮುದುಕಿ ಮಂಜುಗಣ್ಣನ್ನು ಸೊಸೆ ಕೂತ ಸೀಟಿನ ಕಡೆಗೆ ಎತ್ತಿದಳು.

"ಒಂದ್ ಮಾತು ಕೇಳ್ತೀನಿ, ನಿಜ ಯೋಳ್ಬೇಕು. ನಾನು ತಡೀದೆ, ನೀನು ಓಗಿ ಮುಂದೆ ಕೂತಿದ್ದಿದ್ರೆ, ನನ್ ಮಗ ಉಳ್ಕತಿದ್ನಾ? ಇದ್ರ ಮುಂದೆ ಕೂತು ಗೊತ್ತಿರೋಳು ನೀನೊಬ್ಳೇಯ."

ಇಲ್ಲ ಎನ್ನಬೇಕಿತ್ತು. ಅಷ್ಟೇ. ಚಿಕ್ಕ ಮಗುವಿಗೂ ಗೊತ್ತಿರುವ ಉತ್ತರ ಅದು. ಆದರೆ ಯಶೋದಳ ಮೈಗೆ ಆ ಏರಿ ಗೊತ್ತಿತ್ತು, ಅಷ್ಟೇ ಹೊರೆ, ಅಷ್ಟೇ ಕೆಸರು. ಅವಳು ಕೂತಿದ್ದ ದಿನಗಳಲ್ಲಿ ಮೂತಿ ಒಂದು ಗೇಣು ಏಳುತ್ತಿತ್ತು, ಮತ್ತೆ ನೆಲಕ್ಕೆ ಕೂರುತ್ತಿತ್ತು. ಒಂದು ದಿನವೂ ತಪ್ಪಿರಲಿಲ್ಲ. ಎಷ್ಟೋ ವರ್ಷ ಒಬ್ಬಳೇ ಮಲಗಿ ಅವಳು ಅದನ್ನು ಲೆಕ್ಕ ಹಾಕಿದ್ದಳು. ಈ ಮುದುಕಿ ಅವತ್ತು ಬಾಗಿಲಿಗೆ ಅಡ್ಡ ನಿಲ್ಲದಿದ್ದರೆ ಎಂದು ಹಲ್ಲು ಕಚ್ಚಿದ್ದಳು. ಪಕ್ಕದಲ್ಲಿ ರೂಪ ಮಲಗಿರುವಾಗಲೂ ಕಚ್ಚಿದ್ದಳು. ಹೊಂಗೆ ಮರದ ಮೇಲೆ ಯಾವುದೋ ಹಕ್ಕಿ ಕೂಗಿತು. ನಲ್ಲಿಯ ಹತ್ತಿರ ಷಡಕ್ಷರಿ ಬಕೆಟ್ಟು ಸರಿಸಿದ ಸದ್ದು ಬಂತು.

"ಇಲ್ಲ ಅತ್ತೆ," ಎಂದಳು ಯಶೋದ. "ನಾನು ಕೂತಿದ್ರೂ ಅದು ಮಗುಚ್ತಿತ್ತು. ನಾವೂ ಓಯ್ತಿದ್ವಿ, ನಾನೂ ಕೂಸೂ."

"ಅಂಗಾ," ಎಂದಳು ಪುಟ್ಟಗೌರಮ್ಮ. "ಆಯ್ತು ಬುಡವ್ವ."

ಸೊಸೆ ಇಳಿದು ಕೈ ಹಿಡಿಯಲು ಬಂದಳು. ಮುದುಕಿ ಬೇಡವೆನ್ನಲಿಲ್ಲ, ಹಿಡಿದ ಕೈಯನ್ನು ತಾನು ಹಿಡಿಯಲೂ ಇಲ್ಲ. ಉತ್ತರ ಬರಲು ಎಷ್ಟು ಹೊತ್ತಾಯಿತು ಎನ್ನುವುದು ಇಬ್ಬರಿಗೂ ಗೊತ್ತಿತ್ತು.

ಗಾಡಿ ಮನೆಯಲ್ಲೇ ಉಳಿಯಿತು. ಕಳಿಸು ಎಂದು ಪುಟ್ಟಗೌರಮ್ಮ ಹೇಳಲಿಲ್ಲ, ಇದು ಆ ಗಾಡಿಯೇ ಎಂದು ಊರವರಿಗೂ ಹೇಳಲಿಲ್ಲ. ಕೆಂಪನಂಜಪ್ಪನ ಮಗ ಒಮ್ಮೆ ನಿಂತು ನೋಡಿ, ಚೆನ್ನಾಗಿ ಓಡುತ್ತಾ ಯಶೋದಮ್ಮ ಎಂದು ಕೇಳಿ ಹೋದ, ಅವನಿಗೆ ಗುರುತು ಸಿಗಲಿಲ್ಲ. ಆ ವರ್ಷದ ಮುಂಗಾರಿನಲ್ಲಿ ಯಶೋದ ಮಳೆ ಬಿದ್ದ ಎರಡನೆಯ ದಿನವೇ, ನೆಲ ಹದವಾಗಿ ಇರುವಾಗಲೇ ತನ್ನ ಹೊಲ ಉತ್ತಳು. ನಗುತ್ತಾ ಟೀ ಕುಡಿದು ಹೋಗಿದ್ದವರಲ್ಲಿ ಇಬ್ಬರು ಬಂದು, ನಮ್ಮದನ್ನೂ ಒಂದು ಸುತ್ತು ಹೊಡೆದುಕೊಡು ಎಂದು ಕೇಳಿದರು. ಅವಳು ಇಲ್ಲವೆನ್ನದೆ ಹೋದಳು.

ಮುದುಕಿ ಮಾತು ಬಿಟ್ಟಿಲ್ಲ. ಮೊದಲಿನ ಹಾಗೆಯೇ ಜಗಲಿಯಲ್ಲಿ ಕೂತು ಹಿಪ್ಪುನೇರಳೆ ಸೊಪ್ಪು ಸೋಸಿ ಕೊಡುತ್ತಾಳೆ, ರೂಪ ಫೋನ್ ಮಾಡಿದರೆ ನಗುತ್ತಾಳೆ. ಆದರೆ ಮೊದಲೆಲ್ಲ ಉಪ್ಪು ಕಡಿಮೆಯಾಯಿತು, ಇನ್ನೊಂದು ಚೂರು ಸಾರು ಬಿಡು, ನಾಳೆ ಅವರೆಕಾಳು ಹಾಕು ಎಂದು ಹಕ್ಕಿನಿಂದ ಕೇಳುತ್ತಿದ್ದವಳು ಈಗ ಏನನ್ನೂ ಕೇಳುವುದಿಲ್ಲ. ಸಂಜೆಯಾದರೆ ಯಶೋದ ಒಲೆಯ ಮುಂದೆ ಕೂತು, ಅತ್ತೆ ಏನು ಮಾಡಲಿ ಎಂದು ದಿನಾ ಕೇಳುತ್ತಾಳೆ. ಏನಾದರೂ ಸರಿಯವ್ವ ಎನ್ನುತ್ತಾಳೆ ಪುಟ್ಟಗೌರಮ್ಮ. ಹಾಕಿದ್ದಷ್ಟನ್ನು ಉಂಡು, ತಟ್ಟೆಯನ್ನು ತಾನೇ ತಡವಿಕೊಂಡು ಹೋಗಿ ತೊಳೆದಿಡುತ್ತಾಳೆ.